‘ದಂಡುಪಾಳ್ಯ 2’ ನೋಡಿದವರು ಏನಂದ್ರು, ನಾವೇನು ಬರೆದ್ವಿ

ದಾವಣಗೆರೆಯ ಸರಸ್ವತಿ ನಗರದಲ್ಲಿ ನಾವು ಮೂವರು ಸ್ಟ್ರಿಂಗರ್‌ಗಳು ಸೇರಿ ಒಂದು ರೂಮು ಮಾಡಿಕೊಂಡಿದ್ದೇವೆ. ಒಬ್ಬರು ಹರಿಹರ ನೋಡಿಕೊಳ್ಳುತ್ತಾರೆ, ಇಬ್ಬರು ದಾವಣಗೆರೆ. ಪತ್ರಿಕೋದ್ಯಮದ ಡಿಪ್ಲೊಮಾ ಮೂವರಿಗೂ ಇದೆ, ಸಂಬಳ ಮೂವರಿಗೂ ಇಲ್ಲ. ಅಚ್ಚಾದ ಸುದ್ದಿಗೆ ಇಷ್ಟು ಅಂತ ದುಡ್ಡು ಬರುತ್ತದೆ. ಕ್ರೈಂ ಸುದ್ದಿಗೆ ಬೇಗ ಜಾಗ ಸಿಗುತ್ತದೆ. ಹಾಗಾಗಿ ಕೊಲೆ, ಸುಲಿಗೆ ಅಂದರೆ ನಮಗೆ ಅನ್ನ. ಇದನ್ನು ಮೊದಲೇ ಹೇಳಿಬಿಡುತ್ತೇವೆ.

ಮೊನ್ನೆ ರಾತ್ರಿ ಏರಿಯಾದಲ್ಲಿ ಕರೆಂಟ್ ಹೋಗಿತ್ತು. ಮನೆ ಮಾಲೀಕರ ಕಟ್ಟೆ ಮೇಲೆ ನಾಲ್ಕಾರು ಜನ ಕೂತಿದ್ದರು. ಒಬ್ಬ ಹುಡುಗ ಫೋನಿನಲ್ಲಿ ‘ದಂಡುಪಾಳ್ಯ 2’ ಹಾಕಿಕೊಂಡಿದ್ದ. ಸಿನಿಮಾ ಬಂದು ಎಷ್ಟೋ ವರ್ಷ ಆಯಿತು, ಆದರೂ ಮಾತು ಶುರುವಾಗಿದ್ದೇ ತಡ, ಯಾರೂ ಬಾಯಿ ಮುಚ್ಚಲಿಲ್ಲ.

ನೋಡದವರಿಗೆ ಎರಡು ಮಾತು. ಬೆಂಗಳೂರು ಸುತ್ತಮುತ್ತ 1990ರ ದಶಕದ ಕೊನೆಯಲ್ಲಿ ಕೊಲೆ-ದರೋಡೆ ಮಾಡಿದ ಆರೋಪ ಹೊತ್ತ ಗ್ಯಾಂಗ್‌ಗೆ ಹೊಸಕೋಟೆ ಕಡೆಯ ದಂಡುಪಾಳ್ಯ ಅನ್ನುವ ಊರಿನ ಹೆಸರು ಅಂಟಿಕೊಂಡಿತು. ಅದನ್ನು ಇಟ್ಟುಕೊಂಡು ನಿರ್ದೇಶಕ ಶ್ರೀನಿವಾಸ ರಾಜು 2012ರಲ್ಲಿ ‘ದಂಡುಪಾಳ್ಯ’ ಮಾಡಿದರು. ಪೂಜಾ ಗಾಂಧಿ ಬೀಡಿ ಸೇದುತ್ತಾ ಬಂದ ಸಿನಿಮಾ ಅದು. ದೊಡ್ಡ ಹೀರೋ ಇಲ್ಲ, ಫಾರಿನ್ ಹಾಡಿಲ್ಲ. ಬಾಗಿಲು ತಟ್ಟಿ ನೀರು ಕೇಳುವುದು, ಒಳಗೆ ನುಗ್ಗಿ ಕತ್ತು ಕೊಯ್ಯುವುದು. ಜನ ಮುಗಿಬಿದ್ದು ನೋಡಿದರು. ಎರಡನೇ ಭಾಗ 2017ರ ಜುಲೈಯಲ್ಲಿ ಬಂತು.

ಮಾಲೀಕರ ತಾಯಿ, ನಾವೆಲ್ಲ ಅಜ್ಜಿ ಅನ್ನುತ್ತೇವೆ, ಎರಡನೇದರ ಬಗ್ಗೆ ಕೇಳಿದರೆ ಮೊದಲನೇದರ ಬಗ್ಗೆಯೇ ಹೇಳಿದರು. “ನೀರು ಕೇಳಿದೋರಿಗೆ ಇಲ್ಲ ಅನಬಾರದು ಅಂತ ನಮ್ಮತ್ತಿ ಹೇಳ್ತಿದ್ಲು. ಆ ಪಿಚ್ಚರ್ ನೋಡಿದ ಮ್ಯಾಲೆ ಬಾಗಿಲು ತೆಗೆಯಾದ ಬಿಟ್ವಿ. ಕಿಟಕಿಯಾಗಿಂದ ಲೋಟ ಕೊಡಾಕೆ ಶುರು ಮಾಡಿದ್ವಿ ನೋಡಪ್ಪ.” ಈಗಲೂ ಹಾಗೆಯೇ ಕೊಡುತ್ತಾರೆ. ಚಾಪೆ ಮಾರುವವರು, ಹೇರ್‌ಪಿನ್ ಮಾರುವ ಹೆಂಗಸರು ಬಿಸಿಲಲ್ಲಿ ಕಿಟಕಿ ಹೊರಗೆ ನಿಂತು ನೀರು ಕುಡಿಯುವುದನ್ನು ನಾವೂ ನೋಡಿದ್ದೇವೆ.

ಆಟೋ ಅಣ್ಣನ ತೀರ್ಪು ಒಂದೇ ಸಾಲಿನದು: “ಮೊದಲನೇದು ಖಾರ ಮಂಡಕ್ಕಿ, ಎರಡನೇದು ಗಾಳಿಗೆ ಮೆತ್ತಗಾದ ಮಂಡಕ್ಕಿ.” ಕಾಲೇಜು ಹುಡುಗರಿಗೆ ಬೇಕಾಗಿದ್ದೇ ಬೇರೆ. ಸೆನ್ಸಾರ್‌ನವರು ತೆಗೆಸಿದ ಒಂದು ದೃಶ್ಯದ ತುಣುಕು ಆಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತ್ತು. ಅದನ್ನು ಹುಡುಕಿಕೊಂಡು ಟಾಕೀಸಿಗೆ ಹೋದವರು ಬೈದುಕೊಂಡು ಬಂದರು. ಒಬ್ಬ ನಟಿಯ ಮಾನ ಹೋದದ್ದಕ್ಕಿಂತ ಟಿಕೆಟ್ ದುಡ್ಡು ಹೋದದ್ದೇ ಅವರಿಗೆ ಹೆಚ್ಚು ಬೇಜಾರು.

ಹೆಚ್ಚಿನವರ ತಕರಾರು ಮಾತ್ರ ಒಂದೇ. ಎರಡನೇ ಭಾಗದಲ್ಲಿ ಶ್ರುತಿ ಪತ್ರಕರ್ತೆ. ಆಕೆ ಗ್ಯಾಂಗಿನವರ ಕಡೆಯ ಕಥೆ ಕೇಳುತ್ತಾಳೆ. ಇವರೇ ಮಾಡಿದ್ದು ಹೌದೋ, ಇಲ್ಲ ಹೊಡೆದು ಒಪ್ಪಿಸಿದ್ದೋ ಅನ್ನುವ ಅನುಮಾನ ಏಳುತ್ತದೆ. ಇನ್ಸ್‌ಪೆಕ್ಟರ್ ಪಾತ್ರದ ರವಿಶಂಕರ್ ಹೊಡೆಯುವುದನ್ನು ನಿಮಿಷಗಟ್ಟಲೆ ತೋರಿಸುತ್ತಾರೆ. “ಮೊದಲು ನಮ್ಮನ್ನ ಹೆದರಿಸಿ, ಈಗ ಅವರು ಪಾಪದೋರು ಅಂದ್ರೆ ಹೆಂಗ್ರೀ?” ಅಂತ ಕಿರಾಣಿ ಅಂಗಡಿಯವರು ಸಿಟ್ಟಾದರು. ಅದಕ್ಕೆ ಹರಿಹರದ ಕಡೆಯ ಹಿರಿಯರೊಬ್ಬರು ಎಲೆಗೆ ಸುಣ್ಣ ಹಚ್ಚುತ್ತಲೇ ಅಂದರು, “ಹಂಗೆ ಹೊಡೆದ್ರೆ ಗಾಂಧೀಜಿನೂ ನಾನಾ ಕೊಂದಿದ್ದು ಅಂತೀನಿ ತಮ್ಮಾ.”

ಎಲ್ಲರೂ ನಕ್ಕರು. ನಾವೂ ನಕ್ಕೆವು, ಆದರೆ ಸ್ವಲ್ಪ ತಡವಾಗಿ.

ಸಿನಿಮಾದ ಬಗ್ಗೆ ನಮ್ಮ ಅಭಿಪ್ರಾಯ ಕೇಳಿದರೆ, ಅದೇನೂ ಒಳ್ಳೆಯ ಸಿನಿಮಾ ಅಲ್ಲ. ಪೊಲೀಸ್ ಹಿಂಸೆಯನ್ನು ತೋರಿಸುವ ಆಸೆಯೂ ಕೊಲೆಯನ್ನು ತೋರಿಸುವ ಆಸೆಯಂಥದ್ದೇ, ರಕ್ತ ಮಾರಾಟಕ್ಕೆ. 2018ರಲ್ಲಿ ಬಂದ ಮೂರನೇ ಭಾಗದಲ್ಲಿ ಇನ್ಸ್‌ಪೆಕ್ಟರ್ ತನ್ನ ಕಡೆಯ ಕಥೆ ಹೇಳಿ ಎರಡನೇದರ ಅನುಮಾನವನ್ನು ಅಳಿಸಿಯೇಬಿಡುತ್ತಾನೆ. ನಿಜವಾದ ಪ್ರಕರಣದಲ್ಲೂ ವಿಶೇಷ ನ್ಯಾಯಾಲಯ ಗಲ್ಲು ಶಿಕ್ಷೆ ಕೊಟ್ಟಿತ್ತು, ಹೈಕೋರ್ಟಿನಲ್ಲಿ ಕೆಲವು ಕೇಸುಗಳಲ್ಲಿ ಅದು ಜೀವಾವಧಿಗೆ ಇಳಿಯಿತು. ಆ ಗ್ಯಾಂಗ್ ಪಾಪದ್ದು ಅಂತ ನಾವು ಹೇಳುತ್ತಿಲ್ಲ. ಆದರೂ ಆ ಕೆಟ್ಟ ಸಿನಿಮಾದ ಒಂದು ಪ್ರಶ್ನೆ ನಮ್ಮ ಗಂಟಲಲ್ಲಿ ಕೂತಿದೆ. ಪೇಪರಿನವರು ಆರೋಪಿಯ ಬಾಯಿಂದ ಎಂದಾದರೂ ಕೇಳಿದ್ದುಂಟೇ?

ನಾವು ಕೇಳಿರಲಿಲ್ಲ. ಎರಡನೇ ಭಾಗ ಬಂದ ಮರುವರ್ಷ ಹರಿಹರದ ಹತ್ತಿರದ ಹಳ್ಳಿಯೊಂದರಲ್ಲಿ ವಯಸ್ಸಾದ ದಂಪತಿಯ ಮನೆ ದರೋಡೆ ಆಯಿತು. ವಾರದೊಳಗೆ ಮೂವರ ಬಂಧನ. ಪ್ರೆಸ್ ನೋಟ್ ಬಂತು, ಫೋಟೋ ಬಂತು. ಟೇಬಲ್ ಮೇಲೆ ಒಡವೆ, ಹಿಂದೆ ಸಾಲಾಗಿ ಅಧಿಕಾರಿಗಳು, ಮುಂದೆ ಕೂತ ಮೂವರು. ‘ವಿಚಾರಣೆ ವೇಳೆ ತಪ್ಪೊಪ್ಪಿಕೊಂಡಿದ್ದಾರೆ’ ಅಂತ ಒಂದು ಸಾಲು. ನಾವು ಅದಕ್ಕೆ ನಮ್ಮದೂ ಒಂದು ಸೇರಿಸಿದೆವು: ‘ದಂಡುಪಾಳ್ಯ ಮಾದರಿ ಗ್ಯಾಂಗ್ ಅಂದರ್’. ಡೆಸ್ಕಿನವರು ಅದನ್ನೇ ಹೆಡ್ಡಿಂಗ್ ಮಾಡಿದರು. ಮೂವರಲ್ಲಿ ಯಾರು ಬರೆದದ್ದು ಅನ್ನುವುದು ಬೇಡ, ನಾವೇ ಬರೆದದ್ದು. ಹೆಡ್ಡಿಂಗ್ ನೋಡಿ ಖುಷಿಯಾಗಿ ಆವತ್ತು ಬೆಣ್ಣೆ ದೋಸೆ ತಿಂದಿದ್ದೂ ನೆನಪಿದೆ.

ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಅದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಹೇಳುತ್ತದೆ. ಡಿಪ್ಲೊಮಾದಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆವು. ಕೋರ್ಟಿಗೆ ಬೇಡವಾದ ಆ ಸಾಲನ್ನೇ ನಾವು ಊರಿಗೆಲ್ಲ ಹಂಚಿದೆವು.

ಮೂವರಲ್ಲಿ ಒಬ್ಬ ಹುಡುಗನ ಮೇಲೆ ಏನೂ ಸಿಗದೆ ಚಾರ್ಜ್‌ಶೀಟ್‌ನಲ್ಲಿ ಅವನ ಹೆಸರು ಬಿಟ್ಟರು. ನಮಗದು ಗೊತ್ತಾಗಿದ್ದು ಅವನ ತಾಯಿ ರೂಮು ಹುಡುಕಿಕೊಂಡು ಬಂದಾಗ. ಪೇಪರಿನ ತುಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿ ಇಟ್ಟುಕೊಂಡಿದ್ದರು. “ನೀವಾ ಏನ್ರಪ್ಪಾ ಇದನ್ನ ಬರೆದೋರು? ಮಗಳ ಸಂಬಂಧ ಮುರಿದು ಹೋತು. ಇವನು ಅಲ್ಲ ಅಂತನೂ ಇಷ್ಟಾ ದೊಡ್ಡದಾಗಿ ಹಾಕ್ರಿ.” ನಾಲ್ಕು ಸಾಲು ಬರೆದು ಕಳಿಸಿದೆವು. ‘ಹಳೇ ಸುದ್ದಿ, ಬಿಡ್ರಿ’ ಅಂದರು. ಮತ್ತೆ ಕಳಿಸಿದೆವು, ಬರಲಿಲ್ಲ. ಆಮೇಲೆ ನಾವೂ ಕಳಿಸಲಿಲ್ಲ.

ಈಗ ಆ ಹುಡುಗ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಚೀಲ ಹೊರುತ್ತಾನೆ. ಕಟ್ಟೆ ಮೇಲಿನ ಹರಟೆಯ ಎರಡು ದಿನದ ನಂತರ ನಾವು ಹೋಗಿ ಮಾತಾಡಿಸಿದೆವು. ಅವತ್ತು ಅಚ್ಚಾಗದ ಆ ನಾಲ್ಕು ಸಾಲನ್ನು ಇಲ್ಲಿ ಬರೀತೀವಿ, ನಿನ್ನ ಹೆಸರು ಹಾಕೋದಿಲ್ಲ ಅಂದೆವು. “ಹೆಸರು ಹಾಕದಾ ಅಲ್ಲ ಅಂತ ಬರೆದ್ರೆ ಯಾರಿಗೆ ಗೊತ್ತಾಗುತ್ತಣ್ಣ?” ಅಂದ. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮಾತು ತೇಲಿಸಲಿಕ್ಕೆ ಆ ಸಿನಿಮಾ ನೋಡಿದ್ದೀಯಾ ಅಂತ ಕೇಳಿಬಿಟ್ಟೆವು.

ಮೈಮೇಲಿನ ಬೂದಿ ಕೊಡವಿಕೊಂಡ. “ಮೊದಲನೇದು ಟಾಕೀಸಿನಾಗೆ ಎರಡು ಸಲ ನೋಡೀನಿ, ಸೀಟಿ ಹೊಡೆದು. ಎರಡನೇದು ಹೋದ ವರ್ಷ ಫೋನ್‌ನಾಗೆ ಹಾಕಿದ್ರು. ಆ ಹೊಡೆಯಾ ಸೀನ್ ಬಂತು ನೋಡ್ರಿ, ಎದ್ದು ಹೊರಗ ಬಂದೆ.”

ಅಷ್ಟರಲ್ಲಿ ಲಾರಿ ಹಾರ್ನ್ ಹೊಡೆಯಿತು. ಚೀಲ ಎತ್ತಲು ಹೋದ.