ಬಿಸಿಲಿಗೆ ಹಾಕಿದ್ದು, ಹೊಗೆಗೆ ಕಟ್ಟಿದ್ದು

ಬಕ್ರೀದ್ ಮರುದಿನದಿಂದ ಮೂರು ದಿನ, ಅಂದರೆ ಜುಲ್‌ಹಜ್ ತಿಂಗಳ 11, 12 ಮತ್ತು 13, ಇವಕ್ಕೆ 'ಅಯ್ಯಾಮೆ ತಶ್ರೀಕ್' ಎಂದು ಹೆಸರು. ನಮಾಝಿನ ಬಳಿಕ ತಕ್ಬೀರ್ ಹೇಳುವ ದಿನಗಳೆಂದು ಎಲ್ಲರಿಗೂ ಗೊತ್ತು. ಆದರೆ 'ತಶ್ರೀಕ್' ಪದಕ್ಕೆ ಪಂಡಿತರು ಹೇಳುವ ಅರ್ಥಗಳಲ್ಲಿ ಒಂದು, ಮಾಂಸವನ್ನು ಪಟ್ಟಿಗಳಾಗಿ ಕೊಯ್ದು ಬಿಸಿಲಿಗೆ ಹರವುವುದು ಎಂಬುದಾಗಿದೆ. ಹೀಗೆ ಒಣಗಿಸಿದ್ದನ್ನು ಅರಬರು 'ಕದೀದ್' ಎನ್ನುತ್ತಿದ್ದರು. ತಮ್ಮೆದುರು ನಡುಗುತ್ತ ನಿಂತ ಒಬ್ಬನಿಗೆ ಪ್ರವಾದಿಯವರು, ತಾವು ರಾಜರಲ್ಲ, ಒಣಮಾಂಸ ತಿನ್ನುತ್ತಿದ್ದ ಒಬ್ಬ ಕುರೈಶ್ ಹೆಂಗಸಿನ ಮಗ ಎಂದು ಧೈರ್ಯ ಹೇಳಿದರೆಂದು ಹದೀಸ್‌ನಲ್ಲಿದೆ. ಒಣಮಾಂಸ ಆಗಲೂ ಬಡವರ ಮನೆಯದೇ.

ದಾವಣಗೆರೆಯ ನಮ್ಮ ಮನೆಯಲ್ಲಿ ಅದಕ್ಕೆ 'ಸೂಖಾ ಗೋಶ್ತ್' ಎನ್ನುತ್ತೇವೆ. ಹಬ್ಬದ ಮಾರನೆಯ ದಿನ ಅಮ್ಮಿ ಮಾಳಿಗೆಯ ಎರಡು ಗೂಟಗಳ ನಡುವೆ ಸುತಲಿ ಬಿಗಿದು ಕಟ್ಟುವರು. ಬಟ್ಟೆ ಒಣಗಿಸುವ ಹಗ್ಗ ಬೇರೆ, ಇದು ಬೇರೆ. ಒಂದನ್ನು ಇನ್ನೊಂದಕ್ಕೆ ಬಳಸಿದರೆ ಮನೆಯಲ್ಲಿ ರಂಪ. ತೊಡೆಯ ಮಾಂಸವನ್ನೇ ಆರಿಸಬೇಕು, ಕೊಬ್ಬನ್ನು ಪೂರ್ತಿ ತೆಗೆಯಬೇಕು. ಮಾಂಸ ಒಣಗುತ್ತದೆ, ಕೊಬ್ಬು ಒಣಗುವುದಿಲ್ಲ. ನಾಲ್ಕು ದಿನದಲ್ಲಿ ಮುಗ್ಗು ವಾಸನೆ ಬಂದು ಪಕ್ಕದ ತುಂಡನ್ನೂ ಕೆಡಿಸುತ್ತದೆ. ಅಮ್ಮಿ ಒಂದು ಮುದ್ದೆ ಮಾಂಸವನ್ನು ಕೈಯಲ್ಲಿ ತಿರುಗಿಸುತ್ತ, ಎಲ್ಲೂ ಕಡಿಯದಂತೆ, ಮೊಳದುದ್ದದ ಪಟ್ಟಿಯಾಗಿ ಬಿಡಿಸುತ್ತಿದ್ದರು. ನಮ್ಮಲ್ಲಿ ಯಾರಿಗೂ ಆ ಕೈ ಬರಲಿಲ್ಲ. ಉಪ್ಪು, ಅರಿಶಿನ, ಖಾರದಪುಡಿ, ಶುಂಠಿ-ಬೆಳ್ಳುಳ್ಳಿ ಹಚ್ಚಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಹಗ್ಗಕ್ಕೆ ಹಾಕಿ, ಮೇಲೆ ತೆಳ್ಳನೆ ಮಲ್‌ಮಲ್ ಬಟ್ಟೆ ಹೊದಿಸಿದರೆ ಆಯಿತು. ಮುಸ್ಸಂಜೆಗೆ ಒಳಗೆ ತರಬೇಕು, ಇಲ್ಲವಾದರೆ ಇಬ್ಬನಿ ಹೀರಿಕೊಂಡು ಹಗಲಿನ ಕೆಲಸವೆಲ್ಲ ಹಾಳು. ಕಾಗೆ ಕಾಯುವ ಕೆಲಸ ಮಕ್ಕಳಾದ ನಮ್ಮದು. ಮೂರ್ನಾಲ್ಕು ದಿನಕ್ಕೆ ಒಂದು ಕಿಲೋ ಮಾಂಸ ಮುನ್ನೂರು ಗ್ರಾಮಿನಷ್ಟಕ್ಕೆ ಇಳಿದು, ಚರ್ಮದ ವಾರಿನಂತೆ ಬಿಗಿಯುತ್ತಿತ್ತು. ಆಮೇಲೆ ತಗಡಿನ ಡಬ್ಬಿಗೆ. ಕೆಂಡದ ಮೇಲೆ ಸುಟ್ಟು ಕುಟ್ಟಿದರೆ ಜೋಳದ ರೊಟ್ಟಿಗೆ, ಬಿಸಿನೀರಲ್ಲಿ ನೆನೆಸಿದರೆ ಅವರೆಕಾಳಿನ ಸಾರಿಗೆ.

ನಮ್ಮ ಎದುರುಮನೆಯವರು ಮಾಂಸ ತಿನ್ನದವರು. ಅಮ್ಮಿ ಹಗ್ಗವನ್ನು ಯಾವಾಗಲೂ ಹಿತ್ತಲ ಕಡೆಯ ಗೋಡೆಗೆ ಕಟ್ಟುತ್ತಿದ್ದರು, ಆ ಮನೆಯ ಬಾಗಿಲಿಗೆ ಕಾಣದಂತೆ. ಅಲ್ಲಿಯ ಅಜ್ಜಿ ಎಂದೂ ಕೇಳಿಕೊಂಡದ್ದಲ್ಲ. ಅವರೂ ಅಷ್ಟೇ, ಹಬ್ಬದ ವಾರ ಮಾಳಿಗೆಗೆ ಹಪ್ಪಳ ಹಾಕುವುದನ್ನು ಎರಡು ದಿನ ಮುಂದೂಡಿ, "ಬೂಬಮ್ಮಾ, ನಿಮ್ಮದು ಒಣಗಿತೇನ್ರೀ? ನಾವು ಹಪ್ಪಳ ಹಾಕ್ಬೇಕು" ಎಂದು ಕೆಳಗಿನಿಂದಲೇ ಕೂಗಿ ಕೇಳುತ್ತಿದ್ದರು. ಇಬ್ಬರ ನಡುವೆ ಒಂದು ಒಪ್ಪಂದವಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ನಾವು ಮಾಳಿಗೆಯಲ್ಲಿ ಹಗ್ಗ ಕಟ್ಟುವುದೇ ಇಲ್ಲ. ಕುರಿ ಮಾಂಸವೇ ಆಗಿದ್ದರೂ, ಮೊಬೈಲಿನಲ್ಲಿ ಒಂದು ಚಿತ್ರ ಹೋದರೆ ಅದು ಯಾವುದರ ಮಾಂಸ ಎಂದು ಯಾರು ಯಾರಿಗೆ ಹೇಳಿ ನಂಬಿಸುವುದು? ಮರ್ಯಾದೆಗೆ ಮರೆ ಮಾಡುವುದು ಬೇರೆ, ಭಯಕ್ಕೆ ಮರೆ ಮಾಡುವುದು ಬೇರೆ. ಎರಡರಲ್ಲೂ ಹಗ್ಗ ಕಾಣುವುದಿಲ್ಲ ಎಂಬುದಷ್ಟೇ ಸಮಾನ.

ಹಗ್ಗ ಮಾಯವಾಗಲು ಇನ್ನೊಂದು ಕಾರಣವೂ ಇದೆ. ಅದು ಯಾರ ತಪ್ಪೂ ಅಲ್ಲ. ಚಂದ್ರಮಾನದ ಲೆಕ್ಕದಲ್ಲಿ ನಮ್ಮ ಹಬ್ಬಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಮೂವತ್ತಮೂರು ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ದಾವಣಗೆರೆ ಜಿಲ್ಲೆಯಾದ 1997ರಲ್ಲಿ ಬಕ್ರೀದ್ ಬಂದದ್ದು ಏಪ್ರಿಲ್‌ನಲ್ಲಿ. ಆ ಬಿಸಿಲಿಗೆ ಮಾಂಸವೇನು, ಮನುಷ್ಯರೇ ಒಣಗಬೇಕು. 2014ರಲ್ಲಿ ಅದು ಅಕ್ಟೋಬರ್ ಮೊದಲ ವಾರಕ್ಕೆ ಬಂತು. ಅಲ್ಲಿಂದ 2024ರ ಜೂನ್‌ವರೆಗೆ ಹಬ್ಬ ಮಳೆಗಾಲದ ತಿಂಗಳುಗಳಲ್ಲೇ ಕೂತಿತ್ತು. ಮೋಡ ಕವಿದು ಗಾಳಿಯಲ್ಲಿ ತೇವ ತುಂಬಿದಾಗ ಹಗ್ಗಕ್ಕೆ ಹಾಕಿದ ಮಾಂಸ ಒಣಗುವ ಮೊದಲೇ ಜಿಡ್ಡುಗಟ್ಟುತ್ತದೆ.

ಇದಕ್ಕೆ ಹರಿಹರದ ನಮ್ಮ ಖಾಲಾ ಮನೆಯಲ್ಲಿ ಹಳೆಯ ಉತ್ತರವಿತ್ತು. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ಅಷ್ಟೇ, ಆದರೆ ತುಂಗಭದ್ರೆಯ ದಂಡೆಯ ಊರು. ಅಲ್ಲಿಯ ಗಾಳಿಯ ತಂಪೇ ಬೇರೆ. ಖಾಲಾ ಮಳೆಗಾಲದಲ್ಲಿ ಬಿಸಿಲನ್ನು ನಂಬುತ್ತಿರಲಿಲ್ಲ. ಒಲೆಯ ಮೇಲಿನ ಅಟ್ಟದಡಿ ಬಿದಿರಿನ ಗಳು ಕಟ್ಟಿ, ಅದಕ್ಕೆ ಪಟ್ಟಿಗಳನ್ನು ಇಳಿಬಿಡುತ್ತಿದ್ದರು. ದಿನವಿಡೀ ಏಳುವ ಹೊಗೆ ನೊಣವನ್ನೂ ಓಡಿಸುತ್ತಿತ್ತು, ಮಾಂಸವನ್ನೂ ಒಣಗಿಸುತ್ತಿತ್ತು. ಹತ್ತು ದಿನಕ್ಕೆ ಅದು ಕಪ್ಪಗೆ ಮಿರುಗುತ್ತಿತ್ತು. ಗ್ಯಾಸ್ ಬಂತು, ಒಲೆ ಹೋಯಿತು, ಅಟ್ಟವೂ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು. ಖಾಲಾ ಕೊನೆಯವರೆಗೂ ಕೆಮ್ಮಿದ್ದು ಆ ಹೊಗೆಯಿಂದಲೇ ಎಂದು ನಮ್ಮ ಗುಮಾನಿ. ಸೌದೆ ಒಲೆಯ ರುಚಿಯನ್ನು ಕೊಂಡಾಡುವವರಲ್ಲಿ ಅದನ್ನು ಊದಿದವರು ಕಡಿಮೆ.

ನಮಗೆ ಹೊಗೆ ಮತ್ತೆ ಸಿಕ್ಕಿದ್ದು ಗಲ್ಫಿನಿಂದ ಬಂದ ಅಳಿಯನ ಕಡೆಯಿಂದ. ಅವನು ತಂದ ಒಂದು ಪೊಟ್ಟಣದ ಮೇಲೆ 'ಬೀಫ್ ಜರ್ಕಿ' ಎಂದಿತ್ತು. ಅಮ್ಮಿ ಒಂದು ತುಂಡು ಬಾಯಿಗಿಟ್ಟು, "ಇದು ನಮ್ಮದೇ ಕಣೋ, ಸಕ್ಕರೆ ಹಾಕಿ ಕೆಡಿಸಿದ್ದಾರೆ" ಎಂದರು. ಜರ್ಕಿ ಎಂಬ ಮಾತು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ಜನರ ಕ್ವೆಚುವಾ ಭಾಷೆಯ 'ಚಾರ್ಕಿ'ಯಿಂದ ಬಂದದ್ದು. ದಕ್ಷಿಣ ಆಫ್ರಿಕದವರು ವಿನೆಗರ್, ಕೊತ್ತಂಬರಿ ಬೀಜ ಹಚ್ಚಿ ಗಾಳಿಗೆ ಒಣಗಿಸಿ 'ಬಿಲ್ಟಾಂಗ್' ಎನ್ನುತ್ತಾರೆ. ಮರಾಠವಾಡದ ದಲಿತ ಕೇರಿಗಳ 'ಚಾನ್ಯಾ' ಕೂಡ ಇದೇ. ಶಾಹು ಪಾಟೋಳೆ 2015ರಲ್ಲಿ ಬರೆದ 'ಅನ್ನ ಹೇ ಅಪೂರ್ಣಬ್ರಹ್ಮ' ಎಂಬ ಮರಾಠಿ ಪುಸ್ತಕದಲ್ಲಿ ಆ ಅಡುಗೆಮನೆಯ ಚಿತ್ರ ಇದೆ. ಫ್ರಿಜ್ಜಿಲ್ಲದ ಜನ ಜಗತ್ತಿನಲ್ಲೆಲ್ಲ ಒಂದೇ ರೀತಿ ಯೋಚಿಸಿದ್ದಾರೆ.

ಹೊಗೆಪೆಟ್ಟಿಗೆ ಮಾಡಿಸಲು ಹರಿಹರಕ್ಕಿಂತ ಒಳ್ಳೆಯ ಊರು ಯಾವುದು? 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಅಲ್ಲಿ ಲೇಥ್ ತಯಾರಿಸಿತು. ಆ ಕಾರ್ಖಾನೆ ಈಗ ಇಲ್ಲ. ಅದು ಕಲಿಸಿದ ಕೆಲಸ ಊರಿನ ಶೆಡ್ಡುಗಳಲ್ಲಿ ಉಳಿದಿದೆ. ಖಾಲಾ ಅವರ ಮಗ ಇನ್ನೂರು ಲೀಟರಿನ, ಅಡುಗೆ ಎಣ್ಣೆ ತುಂಬಿದ್ದ ಡ್ರಮ್ ಹುಡುಕಿ ತಂದ. ರಾಸಾಯನಿಕ ತುಂಬಿದ್ದ ಡ್ರಮ್ ಬಿಟ್ಟಿ ಸಿಕ್ಕರೂ ಬೇಡ. ಮೊದಲು ಒಳಗೆ ಬೆಂಕಿ ಹಾಕಿ ಬಣ್ಣವನ್ನೆಲ್ಲ ಸುಟ್ಟು ಉಜ್ಜಿದ. ಬುಡದಲ್ಲಿ ಕೆಂಡದ ತಟ್ಟೆಗೆ ಒಂದು ಬಾಗಿಲು, ನಡುವೆ ತೂತುಗಳಿರುವ ತಗಡು, ಮೇಲೆ ಅಡ್ಡ ಸರಳು ಮತ್ತು ಕೊಕ್ಕೆ, ಮುಚ್ಚಳದಲ್ಲಿ ಹೊಗೆ ಹೋಗಲು ಕಿಂಡಿ, ಪಕ್ಕದಲ್ಲಿ ಗಡಿಯಾರದಂಥ ಒಂದು ತಾಪಮಾಪಕ. ಇಷ್ಟೇ.

ಮಾಡುವ ಕ್ರಮದಲ್ಲಿ ಅಮ್ಮಿಯದು ಅರ್ಧ, ಅಳಿಯನದು ಅರ್ಧ. ಮಾಂಸವನ್ನು ಫ್ರೀಜರಿನಲ್ಲಿ ಒಂದು ತಾಸು ಗಟ್ಟಿ ಮಾಡಿಕೊಂಡರೆ ಕಾಲಿಂಚು ದಪ್ಪಕ್ಕೆ ಸಮನಾಗಿ ಕೊಯ್ಯಬಹುದು. ಅಮ್ಮಿಯ ಕೈ ಇಲ್ಲದವರಿಗೆ ಅದೇ ದಾರಿ. ಒಂದು ಕಿಲೋಗೆ ಇಪ್ಪತ್ತರಿಂದ ಇಪ್ಪತ್ತೈದು ಗ್ರಾಂ ಉಪ್ಪು. ಹೊಗೆಗೆ ಕಟ್ಟುವ ಮೊದಲು ಮಸಾಲೆ ನೀರಿನಲ್ಲಿ ಐದು ನಿಮಿಷ ಕುದಿಸುವುದನ್ನು ಅಳಿಯ ಹಠ ಹಿಡಿದು ಸೇರಿಸಿದ. ಮಾಂಸದ ಒಳಭಾಗ 71 ಡಿಗ್ರಿ ಮುಟ್ಟಿದರೆ ರೋಗಾಣುಗಳು ಸಾಯುತ್ತವೆ, ಬರೀ ಒಣಗಿಸುವುದರಿಂದ ಸಾಯುವುದಿಲ್ಲ ಎಂದು. ಅಮ್ಮಿ ಮುಖ ಸಿಂಡರಿಸಿದರೂ ಒಪ್ಪಿದರು. ಆಮೇಲೆ ಡ್ರಮ್ಮಿನಲ್ಲಿ 60 ಡಿಗ್ರಿಯ ಆಸುಪಾಸು, ಆರೇಳು ತಾಸು. ಅವಸರಕ್ಕೆ ಕಾವು ಏರಿಸಿದರೆ ಹೊರಗೆ ಹೊಟ್ಟುಗಟ್ಟಿ ಒಳಗೆ ಹಸಿ ಉಳಿಯುತ್ತದೆ. ಹೊಗೆಗೆ ಪೇರಲ ಅಥವಾ ಮಾವಿನ ಒಣಕಟ್ಟಿಗೆ, ಇಲ್ಲವೇ ನಮ್ಮ ಸೀಮೆಯಲ್ಲಿ ರಾಶಿರಾಶಿ ಸಿಗುವ ಮೆಕ್ಕೆಜೋಳದ ಬೆಂಡು. ನೀಲಗಿರಿ ಬೇಡ, ಬಣ್ಣ ಬಳಿದ ಹಲಗೆಯಂತೂ ಬೇಡವೇ ಬೇಡ. ಹೊಗೆ ತೆಳ್ಳಗೆ ನೀಲಿಯಾಗಿರಬೇಕು. ದಟ್ಟ ಬಿಳಿ ಹೊಗೆ ಬಂದರೆ ಮಾಂಸ ಕಹಿ. ಪಟ್ಟಿಯನ್ನು ಬಗ್ಗಿಸಿದಾಗ ಸೀಳು ಬಿಡಬೇಕು, ತುಂಡಾಗಬಾರದು, ಅದೇ ಹದ. ಹೀಗೆ ಮಾಡಿದ್ದು ಎರಡು ತಿಂಗಳು ಕೆಡುವುದಿಲ್ಲ.

ಪೊಟ್ಟಣದ ಮೇಲೆ 'ಬೀಫ್' ಇದ್ದರೂ ನಮ್ಮ ಡ್ರಮ್ಮಿಗೆ ಏರುವುದು ಕುರಿಯೇ. ಇಲ್ಲಿ ಒಂದು ಮಾತು ಹೇಳಲೇಬೇಕು. 1964ರ ಕಾನೂನಿನಲ್ಲಿ ಹಸು, ಕರುವಿಗೆ ನಿಷೇಧವಿತ್ತು. ಹನ್ನೆರಡು ವರ್ಷ ದಾಟಿದ ಎತ್ತಿಗೆ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. 2021ರ ಜನವರಿಯಿಂದ ಜಾರಿಯಾದ ಹೊಸ ಕಾನೂನು ಎತ್ತು, ಹೋರಿಗಳನ್ನೂ ವಯಸ್ಸಿನ ಭೇದವಿಲ್ಲದೆ ಸೇರಿಸಿತು. ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ ಪ್ರಮಾಣಪತ್ರದೊಂದಿಗೆ ಉಳಿದವು. ದೊಡ್ಡ ಪ್ರಾಣಿಯ ಕುರ್ಬಾನಿಯಲ್ಲಿ ಏಳು ಜನ ಪಾಲುಗೊಳ್ಳಬಹುದು. ಕುರಿಗೆ ಹಾಗಿಲ್ಲ, ಒಬ್ಬರಿಗೆ ಒಂದು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಕುಟುಂಬ ಏಳರಲ್ಲಿ ಒಂದು ಪಾಲಿಗೆ ಹಣ ಕೂಡಿಸಿ ತಾನೂ ಕೊಡುವವರ ಸಾಲಿನಲ್ಲಿ ನಿಲ್ಲುತ್ತಿತ್ತು. ಈಗ ಕುರಿಯ ಬೆಲೆ ಕೇಳಿ ಸುಮ್ಮನಾಗಿ, ಬರುವ ಪಾಲಿಗೆ ಕಾಯುತ್ತದೆ. ಕಾನೂನನ್ನು ಪಾಲಿಸುತ್ತೇವೆ, ಕೊಡುತ್ತಿದ್ದ ಕೈ ಬೇಡುವಂತಾದ ಬಗ್ಗೆ ಮಾತಾಡುವುದನ್ನು ಬಿಡಲಾರೆವು.

ಬರಗಾಲದ ಒಂದು ವರ್ಷ ಪ್ರವಾದಿಯವರು ಕುರ್ಬಾನಿ ಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದರು. ಊರಿಗೆ ಹಸಿದವರು ಬಂದಿದ್ದರು. ಮರುವರ್ಷ ತಿನ್ನಿ, ತಿನ್ನಿಸಿ, ಕೂಡಿಡಿ ಎಂದು ಅನುಮತಿ ಕೊಟ್ಟರು. ನಮ್ಮ ಕಾಲದ ದೊಡ್ಡ ಫ್ರೀಜರುಗಳು ಕೊನೆಯ ಮಾತನ್ನಷ್ಟೇ ಕೇಳಿಸಿಕೊಂಡಂತಿದೆ. ಒಣಮಾಂಸಕ್ಕೆ ಇನ್ನೊಂದು ಗುಣವಿದೆ, ಅದನ್ನು ಫ್ರಿಜ್ಜಿಲ್ಲದ ಮನೆಗೂ ಕೊಡಬಹುದು. ಹಬ್ಬದ ದಿನ ಆ ಮನೆಗಳಿಗೆ ನಾಲ್ಕು ಕಡೆಯಿಂದ ಹಸಿ ಮಾಂಸ ಒಮ್ಮೆಲೇ ಬಂದು ಬೀಳುತ್ತದೆ, ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಅದಕ್ಕೇ ಮೂರನೇ ಒಂದು ಪಾಲನ್ನು ಹಬ್ಬದ ದಿನವೇ ಹಂಚಿ, ನಮ್ಮ ಪಾಲಿನಲ್ಲಿ ಒಣಗಿಸಿದ್ದರಿಂದ ಕಾಲು ಕಿಲೋದ ಪೊಟ್ಟಣಗಳನ್ನು ಮಾಡಿ ಒಂದು ತಿಂಗಳ ಮೇಲೆ ಕಳಿಸುತ್ತೇವೆ. "ಹಬ್ಬ ಮುಗಿದು ಎಷ್ಟು ದಿನ ಆಯ್ತು, ಇದೇನ್ರೀ ಆಪಾ?" ಎಂದು ಅವರು ನಗುತ್ತಾರೆ. ಖಾಲಿ ಡಬ್ಬಿ ವಾಪಸ್ ಬರುವಾಗ ಅದರಲ್ಲಿ ಮಂಡಕ್ಕಿ ಇರುತ್ತದೆ.

2025ರಲ್ಲಿ ಹಬ್ಬ ಜೂನ್ 7ಕ್ಕೆ ಬಂತು. ಇನ್ನು ಅದು ಮೇ, ಏಪ್ರಿಲ್ ತಿಂಗಳುಗಳಿಗೆ ಸರಿಯುತ್ತದೆ, ದಾವಣಗೆರೆಯ ಉರಿಬಿಸಿಲು ಮತ್ತೆ ಕೈಗೆ ಸಿಗುತ್ತದೆ. ಡ್ರಮ್ಮನ್ನು ಏನು ಮಾಡೋಣ ಎಂದು ಅಳಿಯ ಕೇಳಿದ. ಬಿಸಿಲಿಗೆ ಕಟ್ಟಿಗೆಯ ಖರ್ಚಿಲ್ಲ ಎನ್ನುತ್ತಾರೆ ಅಮ್ಮಿ. ಎದುರುಮನೆಯ ಅಜ್ಜಿ ತೀರಿಕೊಂಡು ವರ್ಷಗಳಾದವು, ಈಗ ಅಲ್ಲಿರುವುದು ಅವರ ಮೊಮ್ಮಗ. ಅವನನ್ನು ಒಂದು ಮಾತು ಕೇಳಿ ಹಿತ್ತಲ ಗೋಡೆಗೆ ಗೂಟ ಹೊಡೆಯೋಣವೆಂದು ಮಾತಾಗಿದೆ. ಹೊಸ ಸುತಲಿ ತಂದಿಟ್ಟಿದ್ದೇವೆ.