ಮಳೆಯ ಜೊತೆ ಉಬ್ಬರವನ್ನೂ ಕೇಳೋಣ

ಮುಂಬೈನ ಹಾಜಿ ಅಲಿ ದರ್ಗಾಕ್ಕೆ ಹೋಗುವ ಕಾಲುದಾರಿ ದೊಡ್ಡ ಉಬ್ಬರ ಬಂದಾಗ ನೀರಲ್ಲಿ ಮುಳುಗುತ್ತದೆ. ಇಳಿತದಲ್ಲಿ ಅದೇ ದಾರಿಯ ಇಕ್ಕೆಲದಲ್ಲಿ ಪಾಚಿಗಟ್ಟಿದ ಕಪ್ಪು ಬಂಡೆಗಳು ಎದ್ದು ಕಾಣುತ್ತವೆ. ನಮ್ಮ ಮಂಗಳೂರಿನಲ್ಲಿ ಉಬ್ಬರ-ಇಳಿತದ ಅಂತರ ಒಂದೂವರೆ ಮೀಟರಿನ ಆಸುಪಾಸು; ಮುಂಬೈನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ನಾಲ್ಕು ಮೀಟರನ್ನೂ ದಾಟುತ್ತದೆ. ಕಡಲು ಒಂದೇ, ಚಂದ್ರನೂ ಒಬ್ಬನೇ. ವ್ಯತ್ಯಾಸ ಇರುವುದು ಕಡಲ ತಳದಲ್ಲಿ. ಉತ್ತರಕ್ಕೆ ಹೋದಂತೆ ದಡದಾಚೆಯ ಆಳವಿಲ್ಲದ ತಳ ಅಗಲವಾಗುತ್ತಾ, ಮುಂಬೈ ಎದುರು ಸುಮಾರು 300 ಕಿ.ಮೀ. ಚಾಚಿದೆ. ಅದರ ಮೇಲೆ ಸಾಗಿ ಬರುವ ಉಬ್ಬರ ದಡ ಮುಟ್ಟುವಷ್ಟರಲ್ಲಿ ಎತ್ತರವಾಗಿರುತ್ತದೆ.

ಕಡಲು ಹಾಗೆ ಏರಿದಾಗ ಊರಿನ ಮಳೆನೀರು ಹೊರಹೋಗುವ ಮೋರಿಗಳ ಬಾಯಿ ಕಟ್ಟುತ್ತದೆ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. ಅದೇ ಹೊತ್ತಿಗೆ ಉಬ್ಬರವೂ ಬಂತು. ಬಿದ್ದ ನೀರು ಬೀದಿಯಲ್ಲೇ ನಿಂತಿತು, ನೂರಾರು ಜೀವ ಹೋದವು.

ಮಳೆ ಎಷ್ಟು ಸುರಿಯುತ್ತದೆಂದು ನಿಖರವಾಗಿ ಹೇಳುವುದು ಕಷ್ಟ. ಉಬ್ಬರದ ಗಳಿಗೆಯನ್ನೋ, ವರ್ಷ ಮೊದಲೇ ಲೆಕ್ಕ ಹಾಕಿಡಬಹುದು. ತಗ್ಗಿನಲ್ಲಿ ಬದುಕುವ ಪ್ರತಿ ಮನೆಗೂ ಮಳೆಯ ಮುನ್ಸೂಚನೆಯ ಜೊತೆಗೇ ಆ ಗಳಿಗೆಯೂ ತಲುಪಬೇಕು.