ಮೇಲುಹಾಲು

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಒಂದು ಚಟವಿರುತ್ತದೆ. ಮನೆಯಲ್ಲಿ ಏನೇ ನಡೆಯಲಿ, ಮೊದಲು ಅದಕ್ಕಿರುವ ಮಾತನ್ನು ಹಿಡಿದು ತಿರುವಿ ನೋಡುವುದು. ಎದೆಯ ಹಾಲಿನ ವಿಷಯದಲ್ಲಿ ನಮ್ಮ ಭಾಷೆ ಬಡವೆಯೇನಲ್ಲ. ಮೊಲೆಯೂಡಿಸುವುದು, ಹಾಲು ಕುಡಿಸುವುದು, ಹಾಲು ಬಿಡಿಸುವುದು, ಎಲ್ಲಕ್ಕೂ ಮಾತಿದೆ. ಬಾಣಂತಿಗೆ ಹಾಲು ಹೆಚ್ಚಲೆಂದು ಕೊಡುವ ಶತಾವರಿಗೆ ‘ಹಲವು ಮಕ್ಕಳ ತಾಯಿ ಬೇರು’ ಎಂದು ಹೆಸರಿಟ್ಟ ಪುಣ್ಯಾತ್ಮರ ಕಲ್ಪನೆಗೆ ನಾನು ತಲೆಬಾಗುತ್ತೇನೆ. ಆದರೆ ಡಬ್ಬಿಯ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಕೊಡುವುದಕ್ಕೆ ಮಾತ್ರ ನೆಟ್ಟಗಿನ ಹೆಸರಿಲ್ಲ. ಡಬ್ಬಿ ಹಾಲು, ಪುಡಿ ಹಾಲು ಎನ್ನುತ್ತೇವೆ. ತಾಯಿಯ ಹಾಲಲ್ಲದ ಯಾವ ಹಾಲಿಗಾದರೂ ಹಳಬರು ‘ಮೇಲುಹಾಲು’ ಎನ್ನುತ್ತಾರೆ. ಮೇಲೆ ಕೊಡುವ ಹಾಲು ಎಂದು ಅರ್ಥವೇ ಹೊರತು ಮೇಲಾದ ಹಾಲು ಎಂದಲ್ಲ. ‘ಮೇಲು’ ಎಂಬ ಶಬ್ದಕ್ಕೆ ಇಷ್ಟು ಕೀಳು ಸ್ಥಾನ ಬೇರೆಲ್ಲಿಯೂ ಬಂದಿರಲಾರದು.

ಈ ಮಾತು ನಮ್ಮ ಮನೆಯೊಳಕ್ಕೆ ಕಾಲಿಟ್ಟದ್ದು ಹೋದ ಮಳೆಗಾಲದಲ್ಲಿ. ನಾನಿರುವುದು ಸಾಗರದಲ್ಲಿ, ಕಾಲೇಜಿನ ಕೆಲಸದ ನಿಮಿತ್ತ. ಅಮ್ಮ ಇರುವುದು ಹೊಸನಗರದ ಹತ್ತಿರದ ನಮ್ಮ ಹಳೆಯ ಮನೆಯಲ್ಲಿ. ತಂಗಿಯನ್ನು ಕೊಟ್ಟಿರುವುದು ತೀರ್ಥಹಳ್ಳಿಗೆ. ಅಲ್ಲಿಯ ಒಂದು ಖಾಸಗಿ ಶಾಲೆಯಲ್ಲಿ ಅವಳು ಗಣಿತ ಹೇಳುತ್ತಾಳೆ. ಬಾಣಂತನಕ್ಕೆ ತವರಿಗೆ ಬಂದವಳಿಗೆ ಶಾಲೆಯವರು ಕೊಟ್ಟದ್ದು ಮೂರು ತಿಂಗಳ ರಜೆ. 1961ರ ಹೆರಿಗೆ ಸೌಲಭ್ಯದ ಕಾಯಿದೆ 12 ವಾರವೆಂದು ಗೊತ್ತುಮಾಡಿತ್ತು. 2017ರ ತಿದ್ದುಪಡಿ ಅದನ್ನು 26ಕ್ಕೆ ಏರಿಸಿತು. ದೆಹಲಿಯಲ್ಲಿ ಏರಿದ ಅಂಕಿ ತುಂಗೆಯ ದಡಕ್ಕೆ ಬರುವಷ್ಟರಲ್ಲಿ ಮತ್ತೆ ಇಳಿದುಹೋಗಿತ್ತು. ಕೇಳಿದ್ದಕ್ಕೆ, ‘ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ’ ಎಂಬ ಉತ್ತರ ಬಂತಂತೆ.

ಹಾಲನ್ನು ಹಿಂಡಿ ತೆಗೆದಿಟ್ಟು ಹೋಗಬಹುದಲ್ಲ ಎಂದು ಓದುಗರು ಕೇಳಬಹುದು. ನಾನೂ ಕೇಳಿದೆ. ಹಾಗೆ ತೆಗೆದ ಹಾಲು ಹೊರಗಿಟ್ಟರೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿಟ್ಟರೆ ನಾಲ್ಕು ದಿನ ಕೆಡುವುದಿಲ್ಲವೆನ್ನುತ್ತಾರೆ. ಆದರೆ ನಮ್ಮ ಕಡೆಯ ಆಷಾಢದಲ್ಲಿ ಒಂದು ಮರ ತಂತಿಯ ಮೇಲೆ ಮಲಗಿತೆಂದರೆ ಕರೆಂಟು ನಾಳೆ ಬಂದೀತು, ನಾಡಿದ್ದು ಬಂದೀತು. ಅಲ್ಲಿಯವರೆಗೆ ಫ್ರಿಜ್ಜೂ ಒಂದು ಕಪಾಟೇ. ಇನ್ನು ಶಾಲೆಯಲ್ಲಿ ಹೆಂಗಸರು ಬಾಗಿಲು ಹಾಕಿಕೊಂಡು ಕೂರಬಹುದಾದ ಕೋಣೆ ಯಾವುದೆಂಬುದನ್ನು ಇಲ್ಲಿ ಬರೆಯದಿರುವುದೇ ಮರ್ಯಾದೆ. ‘ಅಣ್ಣ, ಎಲ್ಲಾ ಲೆಕ್ಕ ಹಾಕಿ ನೋಡಿದೆ. ಹಗಲಿಗೆ ಡಬ್ಬಿ, ರಾತ್ರಿಗೆ ನಾನು’ ಎಂದಳು ತಂಗಿ. ಗಣಿತದವಳು, ಉತ್ತರ ಒಂದೇ ಸಾಲಿನಲ್ಲಿತ್ತು.

ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ‘ಕೊಟ್ಟಿಗೆಯಲ್ಲಿ ಹಸು ಕಟ್ಟಿಕೊಂಡು ಕೂಸಿಗೆ ಅಂಗಡಿ ಹಾಲು ತರೋದಾ?’ ಎಂದಳು. ನಮ್ಮದು ಮಲೆನಾಡು ಗಿಡ್ಡ. ಕೊಡುವುದು ಕಡಿಮೆ, ಹೆಸರು ದೊಡ್ಡದು. ವರ್ಷ ತುಂಬದ ಮಗುವಿಗೆ ಹಸುವಿನ ಹಾಲೇ ಆಹಾರವಾಗಬಾರದು, ಅದರ ಸಾರವೂ ಲವಣವೂ ಎಳೆಯ ಮೂತ್ರಪಿಂಡಕ್ಕೆ ಹೊರೆ, ಕಬ್ಬಿಣದ ಅಂಶವಂತೂ ಸಾಲದು ಎಂದು ಹೊಸನಗರದ ಡಾಕ್ಟರು ತಿಳಿಸಿ ಹೇಳಿದರು. ಅಮ್ಮ ಕೇಳಿಕೊಂಡಳು, ಒಪ್ಪಲಿಲ್ಲ.

ನೆರೆಹೊರೆಯವರು ಬಂದರು. ‘ಹಾಲು ಬತ್ತಿತಾ?’ ಎಂದು ಕೇಳಿದರು, ಬೇಸಗೆಯಲ್ಲಿ ಬಾವಿಯ ಸಮಾಚಾರ ಕೇಳುವ ಧ್ವನಿಯಲ್ಲಿ. ‘ಇಲ್ಲ, ಕೆಲಸಕ್ಕೆ ಹೋಗಬೇಕು’ ಎಂದಾಗ ಮುಖಗಳು ಇನ್ನಷ್ಟು ಬಿಗಿದವು. ಬತ್ತಿದರೆ ಕನಿಕರವಾದರೂ ಸಿಕ್ಕುತ್ತಿತ್ತು. ಇದ್ದೂ ಕೊಡದವಳಿಗೆ ಅದೂ ಇಲ್ಲ. ತಂಗಿ ನಡುಮನೆಯಿಂದ ಎದ್ದು ಬಾಣಂತಿ ಕೋಣೆಗೆ ಹೋದವಳು ದೀಪ ಹಚ್ಚುವವರೆಗೆ ಹೊರಗೆ ಬರಲಿಲ್ಲ. ಭಾವನನ್ನು ಯಾರೂ ಏನೂ ಕೇಳಲಿಲ್ಲ. ಅವನು ಕೂಸನ್ನು ಐದು ನಿಮಿಷ ಎತ್ತಿಕೊಂಡದ್ದಕ್ಕೆ ಅದೇ ನೆರೆಹೊರೆ, ‘ಎಷ್ಟು ಅಕ್ಕರೆ ನೋಡಿ’ ಎಂದು ಹೊಗಳಿತು.

ಆ ರಾತ್ರಿ ಮಳೆ ಹೊಯ್ಯುತ್ತಿತ್ತು. ಬಚ್ಚಲೊಲೆಯ ಮುಂದೆ ಕೂತ ಅಮ್ಮ ಯಾರಿಗೋ ಹೇಳುವವಳಂತೆ ಹೇಳಿದಳು: ‘ನೀನು ಹುಟ್ಟಿದಾಗ ನನಗೆ ಜ್ವರ. ಹನ್ನೊಂದು ದಿನ ಎಚ್ಚರವೇ ಸರಿಯಾಗಿರಲಿಲ್ಲ. ಆಚೆಮನೆಯವಳೇ ತನ್ನ ಮಗಳ ಜೊತೆ ನಿನಗೂ ಹಾಲು ಕೊಟ್ಟಳು.’ ನಲವತ್ತನಾಲ್ಕು ವರ್ಷ ಈ ಮಾತನ್ನು ಯಾರೂ ನನ್ನ ಕಿವಿಗೆ ಹಾಕಿರಲಿಲ್ಲ. ಆ ತಾಯಿ ತೀರಿಕೊಂಡಾಗ ನಾನು ಸಾಗರದಿಂದ ಬಸ್ಸಿನಲ್ಲಿ ಬಂದು, ನೆರೆಯವನಂತೆ ನಿಂತು, ನೆರೆಯವನಂತೆ ಹಿಂದಿರುಗಿದ್ದೆ. ‘ಯಾಕೆ ಹೇಳಲಿಲ್ಲ?’ ಎಂದೆ. ‘ಏನಂತ ಹೇಳೋದು, ನಿನಗೆ ನನ್ನಲ್ಲಿ ಹಾಲಿರಲಿಲ್ಲ ಅಂತಲಾ?’ ಎಂದಳು.

ಹಿಂದಿನವರೆಲ್ಲ ತಾಯಿಯ ಹಾಲಿನಲ್ಲೇ ಬೆಳೆದರು ಎಂದು ನಾವು ಸಭೆಗಳಲ್ಲಿ ಹೇಳುತ್ತಿರುತ್ತೇವೆ. ಆ ಮಾತಿನಲ್ಲಿ ಆಚೆಮನೆಯವರ ಲೆಕ್ಕ ಸೇರಿಲ್ಲ. ಆಚೆಮನೆಯೂ ಇಲ್ಲದೆ ಬೆಳೆಯದೆ ಹೋದ ಕೂಸುಗಳ ಲೆಕ್ಕವೂ ಸೇರಿಲ್ಲ. ಈಗ ಆಚೆಮನೆಗೆ ಬೀಗ ಬಿದ್ದಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಇದ್ದರೂ ಇನ್ನೊಬ್ಬರ ಕೂಸನ್ನು ಮಡಿಲಿಗೆ ತೆಗೆದುಕೊಳ್ಳುವ ಕಾಲ ಇದಲ್ಲ.

ಡಬ್ಬಿ ಬಂತು. ‘ಪರದೇಶದ ಪುಡಿ’ ಎಂದು ಅಮ್ಮ ಅದನ್ನು ದೂರವೇ ಇಟ್ಟಳು. ಪುಡಿಯ ಹುಟ್ಟು ಪರದೇಶದ್ದೇ, ಸುಳ್ಳಲ್ಲ; ಹತ್ತೊಂಬತ್ತನೆಯ ಶತಮಾನದ ಯೂರೋಪಿನದು. ಆದರೆ ನಮ್ಮ ದೇಶದಲ್ಲಿ ಅದಕ್ಕೊಂದು ಮೈಸೂರಿನ ಅಧ್ಯಾಯವಿದೆ. ಎಮ್ಮೆಯ ಹಾಲಿನಿಂದ ಶಿಶುವಿನ ಆಹಾರ ಸಾಧ್ಯವಿಲ್ಲ, ಅದರ ಕೊಬ್ಬು ಹೆಚ್ಚು, ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆಯುತ್ತದೆ ಎಂಬ ಮಾತಿತ್ತು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಆ ದಶಕದಲ್ಲಿಯೇ ಅದನ್ನು ಸಾಧ್ಯಮಾಡಿದರು. ಗುಜರಾತಿನ ಆನಂದದ ಸಹಕಾರಿ ಸಂಘದವರು ಆ ವಿಧಾನದಿಂದ ಡಬ್ಬಿ ತುಂಬಿದರು. ಅಮ್ಮನಿಗೆ ಹೇಳಿದೆ. ‘ಮೈಸೂರಿನವರಾ?’ ಎಂದಳು. ಅಷ್ಟು ಸಾಕಾಯಿತು, ಡಬ್ಬಿ ಅಡಿಗೆಮನೆಯೊಳಗೆ ಬಂತು.

ಅಮ್ಮನ ಅನುಮಾನವೂ ಹುಸಿಯದೇನಲ್ಲ. ಬಡದೇಶಗಳಲ್ಲಿ ಪುಡಿಯ ಪ್ರಚಾರ ಅತಿಯಾಗಿ, ಕೊಳಕು ನೀರಿನಲ್ಲಿ ತೆಳ್ಳಗೆ ಕಲಸಿ ಕುಡಿಸಿ ಮಕ್ಕಳು ಸತ್ತದ್ದರಿಂದಲೇ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರಾಟಕ್ಕೆ ಕಟ್ಟುಪಾಡು ಹಾಕಿತು. ನಮ್ಮಲ್ಲಿ 1992ರಲ್ಲಿ ಕಾಯಿದೆಯೇ ಬಂತು. ನನ್ನ ಬಾಲ್ಯದಲ್ಲಿ ನಮ್ಮ ಅಟ್ಟದ ಮೇಲೆ ಸಾಸಿವೆ ತುಂಬಿದ ಹಳೆಯ ಡಬ್ಬಿಯೊಂದಿತ್ತು. ಅದರ ಮೇಲೊಂದು ಗುಂಡುಗುಂಡಾದ ಮಗು ನಗುತ್ತಿತ್ತು. ಈಗಿನ ಡಬ್ಬಿಯ ಮೇಲೆ ಮಗುವಿಲ್ಲ; ಮಗುವಿನ ಚಿತ್ರ ಹಾಕಕೂಡದು, ಜಾಹೀರಾತು ಕೂಡದು, ತಾಯಿಯ ಹಾಲೇ ಶ್ರೇಷ್ಠವೆಂದು ಅಚ್ಚುಹಾಕಲೇಬೇಕು. ತನಗಿಂತ ಇನ್ನೊಂದು ಮೇಲೆಂದು ತಾನೇ ಒಪ್ಪಿಕೊಂಡು ಅಂಗಡಿಯಲ್ಲಿ ಕೂರುವ ಸರಕು, ಸಿಗರೇಟನ್ನು ಬಿಟ್ಟರೆ, ಇದೊಂದೇ ಇರಬೇಕು.

ಕಲಸುವ ಕೆಲಸ ಸೋದರಮಾವನ ಪಾಲಿಗೆ ಬಂತು. ಕಾಲೇಜಿಗೆ ರಜೆಯಿತ್ತು. ನೀರು ಮರಳಿಸಬೇಕು; ತೀರ ಆರುವ ಮೊದಲೇ, 70 ಡಿಗ್ರಿಗಿಂತ ಇಳಿಯದ ಹಾಗೆ, ಪುಡಿ ಹಾಕಬೇಕು, ಪುಡಿಯಲ್ಲಿಯೂ ರೋಗಾಣು ಇರಬಹುದಾದ್ದರಿಂದ. ನಮ್ಮ ಡಬ್ಬಿಯ ಲೆಕ್ಕದಲ್ಲಿ 30 ಮಿಲಿಲೀಟರಿಗೆ ಒಂದು ಚಮಚ, ತಲೆ ಸವರಿ. ಆಮೇಲೆ ಉಗುರುಬೆಚ್ಚಗಾಗಬೇಕು. ‘ಸ್ವಲ್ಪ ತೆಳ್ಳಗೆ ಮಾಡೋ, ಅರಗಲಿ’ ಎನ್ನುತ್ತಿದ್ದಳು ಅಮ್ಮ. ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬುತ್ತದೆ, ಮಗು ಬಡವಾಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು, ನಾನು ಸಡಿಲಿಸಲಿಲ್ಲ. ಉಳಿದದ್ದನ್ನು ಎರಡು ಗಂಟೆಯೊಳಗೆ ಚೆಲ್ಲಬೇಕೆಂಬ ವಿಧಿ ಅಮ್ಮನಿಗೆ ಹಿಡಿಸಲಿಲ್ಲ. ಬೆಕ್ಕಿಗೆ ಹಿಡಿಸಿತು.

ಬಾಟಲಿ ಬೇಡ, ತೊಳೆಯುವುದು ಕಷ್ಟ, ಲೋಟ ಇಲ್ಲವೆ ಒಳಲೆಯೇ ಆಗಬಹುದು ಎಂದಿದ್ದರು ಡಾಕ್ಟರು. ಒಳಲೆ! ನಿಘಂಟಿನಲ್ಲಿ ನಿದ್ದೆಹೋಗುತ್ತಿದ್ದ ಶಬ್ದವನ್ನು ಇಂಗ್ಲಿಷ್ ಓದಿದ ವೈದ್ಯರ ಬಾಯಲ್ಲಿ ಕೇಳಿ ನನಗೆ ರೋಮಾಂಚನವಾಯಿತು. ಅಮ್ಮ ಪೆಟ್ಟಿಗೆ ತೆಗೆದು ಅಜ್ಜಿಯ ಬೆಳ್ಳಿಯ ಒಳಲೆಯನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿ, ನೀರಿನಲ್ಲಿ ಕುದಿಸಿದಳು. ಹತ್ತಿರದಲ್ಲಿ ತಾಯಿಯ ವಾಸನೆ ಬಂದರೆ ಕೂಸು ಒಳಲೆಯ ಕಡೆ ತಿರುಗುತ್ತಲೇ ಇರಲಿಲ್ಲ. ಆದ್ದರಿಂದ ತಂಗಿ ಒಳಗೆ, ಅಮ್ಮ ಜಗುಲಿಯಲ್ಲಿ. ಮೊದಲ ದಿನ ಕುಡಿದದ್ದಕ್ಕಿಂತ ಸೆರಗಿಗೆ ಹೋದದ್ದೇ ಹೆಚ್ಚು. ಕೂಸು ಹೊರಗೆ ಅತ್ತಿತು, ತಂಗಿ ಒಳಗೆ ಅತ್ತಳು.

ಹಗಲಿನ ಹಾಲನ್ನು ಒಮ್ಮೆಗೇ ಬಿಡಿಸಲಿಲ್ಲ. ಒಂದು ಹೊತ್ತು ಬಿಟ್ಟು, ಮೂರು ನಾಲ್ಕು ದಿನ ತಡೆದು, ಇನ್ನೊಂದು ಹೊತ್ತು. ಆದರೂ ಎದೆ ಬಿಗಿದು ಅವಳು ಸಂಕಟಪಟ್ಟಳು. ಅಮ್ಮ ಮಲ್ಲಿಗೆ ದಂಡೆ ತಂದು ಒಳಗೆ ಕಟ್ಟಿಕೊಳ್ಳಲು ಹೇಳಿದಳು. ನಾನು ನಗಲಿದ್ದೆ, ಆಮೇಲೆ ನೋಡಿದರೆ, ಮಲ್ಲಿಗೆಯಿಂದ ಹಾಲು ಇಳಿಯುತ್ತದೆಂಬುದನ್ನು ವೆಲ್ಲೂರಿನ ವೈದ್ಯರು ಮಾತ್ರೆಯೊಂದಿಗೆ ಹೋಲಿಸಿ ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದ್ದಾರೆ. ರಾತ್ರಿಯ ಹಾಲು ಉಳಿಯಬೇಕಾದ್ದರಿಂದ ಎರಡೇ ದಿನಕ್ಕೆ ತಂಗಿ ಹೂವನ್ನು ತೆಗೆದು ಮುಡಿಗೇರಿಸಿಕೊಂಡಳು.

ಈಗ ಅಮ್ಮ ಒಳಲೆಯ ಸಮೇತ ತೀರ್ಥಹಳ್ಳಿಯಲ್ಲಿದ್ದಾಳೆ. ಹಗಲೆಲ್ಲ ತಕರಾರಿಲ್ಲದೆ ಕುಡಿಯುವ ಕೂಸು, ಸಂಜೆ ಗೇಟಿನ ಸದ್ದಾಯಿತೆಂದರೆ ಒಳಲೆಯನ್ನು ತಳ್ಳಿ ಬಾಗಿಲ ಕಡೆ ತಿರುಗುತ್ತದಂತೆ. ತಂಗಿ ಕೈಚೀಲ ಕೆಳಗಿಟ್ಟು, ಕೈಕಾಲು ತೊಳೆದು, ಮೊದಲು ಅದನ್ನೇ ಎತ್ತಿಕೊಳ್ಳುತ್ತಾಳಂತೆ, ಕಾಫಿ ಆಮೇಲೆ. ಇದನ್ನೆಲ್ಲ ಫೋನಿನಲ್ಲಿ ಹೇಳಿದ ಅಮ್ಮ ಕೊನೆಗೆ, ‘ಬರುವಾಗ ಸಾಗರದಿಂದ ಇನ್ನೊಂದು ಡಬ್ಬಿ ತಗೊಂಡು ಬಾ. ಹಳೇದರಲ್ಲಿ ಮೆಂತೆ ತುಂಬಿಟ್ಟಿದ್ದೀನಿ’ ಎಂದಳು.